ದಿಬ್ಬದ ಮೇಲೆ ಕೂಗಿದ ಮಾತು

ಶನಿವಾರ ಮಧ್ಯಾಹ್ನ ಎರಡೂವರೆಗೆ, ಬೆಟ್ಟದ ರಸ್ತೆಯ ಕಾರು ಪಂದ್ಯದ ಅಭ್ಯಾಸದಲ್ಲಿ ಆಸ್ಟಿನ್ ಕಾರೊಂದು ಚರಂಡಿಗೆ ಇಳಿಯಿತು. ಕಾರಿನ ಯಜಮಾನರು ಕುಂಬಾರಕೊಪ್ಪಲಿನ ಮರಿಸ್ವಾಮಿ. ಚಾಲಕನ ಪಕ್ಕದ ಸೀಟಿನಲ್ಲಿದ್ದ ಅವರು ಹಣೆಗೆ ಹೊಲಿಗೆ ಹಾಕಿಸಲು ಆಸ್ಪತ್ರೆಯ ಸಾಲಿನಲ್ಲಿ ನನ್ನ ಮುಂದೆ ಕೂತಿದ್ದರು. ಕಾರು ಓಡಿಸಿದ್ದ ಅವರ ಬಾಮೈದ ಚೆಲುವರಾಜು ಎದುರಿಗೆ ನಿಂತಿದ್ದ.

"ಜೋರಾಗಿ ಹೋದ್ರೆ ದಿಬ್ಬದ ನೆತ್ತೀಲಿ ಚಕ್ರ ನೆಲಕ್ಕೆ ತಾಗಾಕಿಲ್ಲ. ಬ್ರೇಕೂ ಹಿಡಿಯಾಕಿಲ್ಲ, ಸ್ಟಿಯರಿಂಗೂ ಮಾತು ಕೇಳಾಕಿಲ್ಲ. ಅದಕ್ಕೇ ಮುಂಚೇನೇ ಕೂಗ್ದೆ."

"ಏನಂತ ಕೂಗಿದ್ರಿ ಭಾವ? 'ಬುಡು, ಬುಡು' ಅಂದ್ರಿ. ಬುಟ್ಟೆ."

"ಆಕ್ಸಿಲರೇಟರ್ ಬುಡು ಅಂದೆ ಕಣಯ್ಯ!"

"ಕಾರು ಬುಡು ಅಂದ್ರೆ ಓಡ್ಸು ಅಂತ ತಾನೇ?"

"ಆಚೆಗೇ ತಿರುವೈತೆ, ಕಣ್ಣಿಗೆ ಕಾಣ್ಲಿಲ್ವಾ?"

"ದಿಬ್ಬದಾಚೆ ಕಾಣೋ ಕಣ್ಣು ನಿಮಗೊಬ್ರಿಗೇ ಇರೋದು. ನಾಳೆ ನೆಟ್ಟಗೆ ಬಾಯಿ ಬುಡಿ."

"ನಾಳೆ ನೀನೆಲ್ಲಿ ಕೂರ್ತೀಯ? ಕೀ ಕೊಡು."

"ವರ್ಷದಿಂದ ಇದೊಂದು ಪಂದ್ಯಕ್ಕೇ ಕಾದಿವ್ನಿ. ಅಕ್ಕಂಗೆ ಏನಂತ ಹೇಳ್ತೀರಿ?"

"ಗಂಡ ಜೀವಂತ ಉಳ್ಕಂಡ ಅಂತೀನಿ. ಕೊಡು."

ಚೆಲುವರಾಜು ಕೀಯನ್ನು ಬೆಂಚಿನ ಮೇಲೆ ಎಸೆದು ಹೊರಟುಹೋದ. ನರ್ಸ್ ಮರಿಸ್ವಾಮಿಯವರನ್ನು ಒಳಗೆ ಕರೆದರು.

ಭಾನುವಾರದ ಪಂದ್ಯದಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡು ಮರಿಸ್ವಾಮಿಯೇ ಕಾರು ಓಡಿಸಿದರು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.