ಓಬಮ್ಮನ ಮಲೇರಿಯಾ ಮಾತ್ರೆ

ತರೀಕೆರೆಯ ಆಸ್ಪತ್ರೆಯಲ್ಲಿ, ಲ್ಯಾಬ್ ಮುಂದೆ ತನ್ನ ರಿಪೋರ್ಟಿಗೆ ಕಾಯುತ್ತ ಫೋನ್ ಒತ್ತುತ್ತಿದ್ದ ಪ್ರಜ್ಞಾಳ ಕಿವಿ ಪಕ್ಕದ ಬೆಂಚಿಗೆ ಹೋಯಿತು. ಕಂಬಳಿ ಹೊದ್ದು ನಡುಗುತ್ತಿದ್ದ ಓಬಮ್ಮನನ್ನು ನೆರೆಮನೆಯ ಸೈದಾನಿ ಬಿ ದಬಾಯಿಸುತ್ತಿದ್ದರು.

“ಹೋದ ಮಲೇರಿಯಾ ಮತ್ತೆ ಹೆಂಗೆ ಬಂತೇ?”

“ಹೋಗೇ ಇರ್ಲಿಲ್ವಂತೆ. ಲಿವರಲ್ಲಿ ಮಲಗಿತ್ತಂತೆ. ಈಗೆದ್ದು ರಕ್ತದ ಕೆಂಪು ಕಣದೊಳಗೆ ಹೊಕ್ಕಂಡು, ತಿಂದು ತೇಗಿ, ಒಡ್ಕಂಡು ಈಚೆ ಬತ್ತೈತಂತೆ.”

“ಕಾಯೋಕೆ ಬಿಳಿ ಕಣ ಅವೆ ಅಂತಾರಲ್ಲ?”

“ಅವು ಬೀದೀಲಿ ಹುಡುಕ್ತವೆ. ಇದು ಮನೆಯೊಳಗೆ ಬಚ್ಚಿಟ್ಕಂಡೈತೆ.”

“ಮಾತ್ರೆ ಪೂರ್ತಿ ನುಂಗಿದ್ಯಾ?”

“ಜ್ವರ ಬಿಡ್ತಲ್ಲ, ನಿಲ್ಲಿಸ್ದೆ. ಉಳಿದಿದ್ದು ಮೇಕೆಗೆ ಕೊಟ್ಟೆ. ಅದೂ ನಡುಗ್ತಿತ್ತು.”

ಸೈದಾನಿ ಬಿ ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಓಬಮ್ಮನ ಹೆಸರು ಕೂಗಿದರು.

“ಏಳು. ಈ ಸಲ ಮಾತ್ರೆ ನನ್ ಮನೇಲಿರ್ತವೆ. ದಿನಾ ನಾನೇ ನುಂಗಿಸ್ತೀನಿ.”

“ನುಂಗಿಸು, ಆದ್ರೆ ಮೇಕೆ ಮುಂದೆ ಬೈಬ್ಯಾಡ ಕಣೇ, ಮರ್ಯಾದೆ ಹೋಯ್ತದೆ.”

“ಅದಕ್ಕೆ ನಿನಗಿಂತ ಬುದ್ಧಿ ಐತೆ. ಕೊಟ್ಟಿದ್ದನ್ನ ಪೂರ್ತಿ ನುಂಗ್ತು.”