ಗೋಡೆಯ ಬಿರುಕು

“ನಮ್ಮನೇದರ ಥರಾನೇ ಪರದೆ ಆಯ್ತು, ಕುರ್ಚಿ ಆಯ್ತು, ನನ್ನ ಗೋಡೆ ಬಿರುಕೂ ಬೇಕಿತ್ತಾ ನಿಂಗೆ?”

ಪರದೆ ಹೊಲಿಯುವ ಅಂಗಡಿಯಲ್ಲಿ ಅಕ್ಕ ತಂಗಿಯ ಮೇಲೆ ಹರಿಹಾಯುತ್ತಿದ್ದಳು. ಸೀಟ್ ಕವರಿಗಾಗಿ ಕಾಯುತ್ತಿದ್ದ ಲಾರಿ ಡ್ರೈವರ್, ಫೋನ್ ನೋಡುವವನಂತೆ ನಟಿಸುತ್ತ ಕಿವಿ ಅತ್ತಲೇ ಇಟ್ಟಿದ್ದ.

“ಗಾರೆ ಕೆಲಸದವನ ಹತ್ರ ಕೊರೆಸಿದೆ ಕಣಕ್ಕ. ಅವನೂ ನಕ್ಕ.”

“ನಗದೆ ಇನ್ನೇನು! ಸದ್ಯ, ನಿಮ್ಮ ಭಾವನ್ನ ಒಬ್ರನ್ನ ಬಿಟ್ಟಿದ್ದೀಯ.”

“ನಿನ್ನ ಬಾಳು ನೋಡಿ ಹೊಟ್ಟೆ ಉರೀತಿತ್ತಕ್ಕ. ನಿನ್ನೆ ಈ ಪರದೆ ಒಂದು ಬಿಟ್ಟು ಎಲ್ಲ ಜೋಡಿಸಿ ಮುಗಿಸಿದೆ. ನಮ್ಮನೇಲೂ ನೀನು ಕೂರೋ ಕಡೇನೇ ಕುರ್ಚಿ ಹಾಕ್ಕೊಂಡು, ಬಿರುಕು ನೋಡ್ತಾ ಕೂತೆ.”

“ಆಮೇಲೆ?”

“ಅಳು ಬಂತು. ಅಳೋಕೆ ನಂಗೇನೂ ಆಗಿರ್ಲಿಲ್ಲ. ಆದ್ರೂ ನಿಲ್ಲಲಿಲ್ಲ. ಬಾಯಿಂದ ಬರ್ತಿದ್ದಿದ್ದು ನಿನ್ನ ದನಿ.”

ಹೊಲಿಗೆ ಯಂತ್ರ ತಟ್ಟನೆ ನಿಂತಿತು. ಡ್ರೈವರ್ ಫೋನನ್ನು ಜೇಬಿಗಿಳಿಸಿದ.

“ಯಾರಿಗಾದ್ರೂ ಹೇಳಿದ್ಯಾ?” ಅಕ್ಕನ ಸಿಟ್ಟು ಎಲ್ಲಿ ಹೋಯಿತೋ, ದನಿ ಪಿಸುಗುಟ್ಟುವಷ್ಟು ಇಳಿದಿತ್ತು.

“ಇಲ್ಲ. ದಿನಾ ಹಂಗೇ ಅಳ್ತೀಯಾ ಅಕ್ಕ?”

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ನನ್ನ ಹೊಟ್ಟೆಕಿಚ್ಚು ಅಲ್ಲೇ ಆರಿಹೋಯ್ತು. ಬಿರುಕು ಮುಚ್ಚಿಸ್ತೀನಿ. ನಂಗೆ ನನ್ನ ಹಳೇ ಹಸಿರು ಪರದೇನೇ ಸಾಕು. ನೀನೂ ಬಂದು ನಾಲ್ಕು ದಿನ ನಮ್ಮನೇಲಿರು.”

ತಂಗಿ ಚಪ್ಪಲಿ ಮೆಟ್ಟಿ ಹೊರಟೇ ಹೋದಳು. ಅವಳಿಗೆಂದು ಹೊಲಿದಿಟ್ಟ ಪರದೆ ಹಾಗೇ ಉಳಿದಿತ್ತು. ದರ್ಜಿ ಕೂಗಿದರೂ ಅವಳು ತಿರುಗಲಿಲ್ಲ.

ಬೀದಿಯ ತಿರುವಿನಲ್ಲಿ ಅವಳು ಮರೆಯಾಗುವವರೆಗೂ ಅಕ್ಕ ಕಣ್ಣು ಕೀಳದೆ ನೋಡಿದಳು. ಆಮೇಲೆ ದರ್ಜಿಯತ್ತ ಬಾಗಿ, ತಂಗಿಯದೇ ಮೆಲುದನಿಯಲ್ಲಿ ಕೇಳಿದಳು:

“ಅವಳ ಹಸಿರು ಪರದೆ ನೀವೇ ಹೊಲಿದಿದ್ದಲ್ವಾ? ಅದೇ ಬಟ್ಟೆ ನಂಗೂ ತೋರಿಸಿ.”