ಐ ಸೀ ಎನ್ನುತ್ತಿದ್ದ ಸಾಹುಕಾರ

ನಮ್ಮ ಕಡೆಯದೇ ಒಂದು ಊರು. ಆ ಊರಲ್ಲಿ ಒಬ್ಬ ಸಾಹುಕಾರ. ಮೆಣಸಿನಕಾಯಿ ವ್ಯಾಪಾರ ಅವನದು. ಆಸ್ತಿ ಎಷ್ಟಿತ್ತು ಅಂತ ನಾನು ಹೇಳುವುದಿಲ್ಲ, ಅದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ನಾನು ಹೇಳುವುದು ಅವನ ಕಣ್ಣಿನ ವಿಷಯ. ಚೀಲದಿಂದ ಒಂದು ಕಾಯಿ ತೆಗೆದು, ಬಿಸಿಲಿಗೆ ಹಿಡಿದು, ಮುರಿದು ಮೂಸಿದನೆಂದರೆ ಮುಗಿಯಿತು. ನೀರು ಚಿಮುಕಿಸಿದ ಮಾಲು ಯಾವುದು, ಹೋದ ವರ್ಷದ ಮಾಲು ಯಾವುದು, ಅವನಿಗೆ ತಪ್ಪುತ್ತಲೇ ಇರಲಿಲ್ಲ.

ಪರದೇಶಕ್ಕೆ ಮಾಲು ಕಳಿಸುವ ಕಂಪನಿಯವನೊಬ್ಬ ಅವನಲ್ಲಿಗೆ ಬರುತ್ತಿದ್ದ. ಏನು ಹೇಳಿದರೂ ಆತ ತಲೆ ಆಡಿಸಿ 'ಐ ಸೀ' ಅನ್ನುತ್ತಿದ್ದ. ಸೀ ಅಂದರೆ ನೋಡು ಅಂತ ನಿಮ್ಮ ಮನೆಯ ಮಕ್ಕಳೂ ಹೇಳುತ್ತವೆ. ಇಂಗ್ಲಿಷಿನವರು ಮಾತು ತಿಳಿಯಿತು ಅನ್ನಲಿಕ್ಕೂ ಅದನ್ನೇ ಬಳಸುತ್ತಾರೆ. ಕಣ್ಣಾರೆ ಕಂಡಷ್ಟು ಚೆನ್ನಾಗಿ ತಿಳಿಯಿತು ಅಂತ. ನೋಡಿ, ಸಣ್ಣ ಮಾತಲ್ಲ ಅದು. ನಮ್ಮ ಸಾಹುಕಾರನಿಗೆ ಅರ್ಥ ಬೇಕಿರಲಿಲ್ಲ, ಗತ್ತು ಬೇಕಿತ್ತು. ಹಮಾಲ ಬಂದು ಹೇಳಿದರೆ ಐ ಸೀ. ಗುಮಾಸ್ತ ಬಂದು ಹೇಳಿದರೆ ಐ ಸೀ. ಮುಖ ಎತ್ತುವ ಕೆಲಸವೇ ಇಲ್ಲ.

ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು: "ರೀ, ಬಲಗೈ ಯಾಕೋ ಜೋಮು ಹಿಡದಂಗ ಆಗೇತಿ." ಅವನು ಮೊಬೈಲಿನಲ್ಲಿ ಪೇಟೆಯ ಧಾರಣೆ ನೋಡುತ್ತಿದ್ದ.

"ಐ ಸೀ."

ದೀಪಾವಳಿ ಹೊತ್ತಿಗೆ ಮತ್ತೆ ಹೇಳಿದಳು: "ರೊಟ್ಟಿ ಬಡಿಯಾಕ ಆಗವಲ್ದು. ಹಿಡದದ್ದು ಜಾರಿ ಬೀಳತೈತಿ."

"ಐ ಸೀ."

ಆಮೇಲೆ ಆಕೆ ಹೇಳುವುದನ್ನೇ ಬಿಟ್ಟಳು. ಇನ್ನು ಯಾರಿಗೆ ಹೇಳಬೇಕು, ತಾಯಂದಿರೇ, ನೀವೇ ಹೇಳಿ.

ಮಗಳ ನಿಶ್ಚಿತಾರ್ಥಕ್ಕೆ ಬೀಗರು ಬಂದರು. ಪಂಕ್ತಿ ಕೂತಿತು. ಮನೆಯ ಯಜಮಾನಿ ತಾನೇ ಹೋಳಿಗೆ ಬಡಿಸಲು ಬಂದಳು. ಎಡಗೈಯಲ್ಲಿ ಬಡಿಸಿದಳು. ಬೀಗರ ಎಲೆಗೆ, ಎಡಗೈಯಲ್ಲಿ. ಸಾಹುಕಾರನಿಗೆ ಮೈಯೆಲ್ಲ ಉರಿಯಿತು, ಮರ್ಯಾದೆ ಮಣ್ಣುಪಾಲಾಯಿತು ಅನ್ನಿಸಿತು.

"ಬುದ್ಧಿ ಐತೇನು ನಿನಗ? ಬೀಗರಿಗೆ ಎಡಗೈಲೆ ನೀಡ್ತೀಯಲ್ಲ."

ಆಗ ಹುಡುಗನ ತಾಯಿ ಊಟ ಬಿಟ್ಟು ಎದ್ದಳು. ಸಾಹುಕಾರ ಸಂಬಂಧ ಮುರಿಯಿತು ಅಂದುಕೊಂಡ. ಆಕೆ ಕೈ ತೊಳೆದುಕೊಂಡು ಸೀದಾ ಅವನ ಹೆಂಡತಿಯ ಹತ್ತಿರ ಬಂದಳು. "ಅಕ್ಕಾರ, ಬಲಗೈಲೆ ನನ್ನ ಬೆರಳ ಹಿಡೀರಿ."

ಹೆಂಡತಿ ಕೈ ಚಾಚಿದಳು. ಬೆರಳು ಮಡಚಲು ಆಗಲೇ ಇಲ್ಲ. "ಹಿಡಿಯಾಕ ಬರವಲ್ದು" ಅಂದಳು, ಎಲ್ಲರ ಮುಂದೆ ಅತ್ತುಬಿಟ್ಟಳು. ಸಾಹುಕಾರ ಆಗ ನೋಡಿದ. ಆ ಕೈ ಎಷ್ಟು ಸೊರಗಿತ್ತೆಂದರೆ ಬಳೆಗಳು ಮೊಣಕೈತನಕ ಜಾರುತ್ತಿದ್ದವು.

ಕತ್ತಿನಲ್ಲಿ ನರ ಒತ್ತಿಕೊಂಡಿದೆ, ಆಪರೇಶನ್ ಮಾಡಬೇಕು, ಆದರೆ ಪೂರ್ತಿ ಶಕ್ತಿ ಬರುವುದು ಕಷ್ಟ ಅಂದರು ಡಾಕ್ಟರು. "ಮೊದಲ ಯಾಕ ಕರಕೊಂಡು ಬರಲಿಲ್ಲ?"

"ಆಕಿ ಹೇಳಲೇ ಇಲ್ಲರಿ" ಅಂದ ಸಾಹುಕಾರ.

ಹೆಂಡತಿ ಸಿಟ್ಟಾಗಲಿಲ್ಲ. "ಹೇಳೀನ್ರಿ. ನೀವು ಕೇಳಿನೂ ಕೇಳಿದ್ರಿ. ತಲಿ ಎತ್ತಿ ನೋಡಲಿಲ್ಲ, ಅಷ್ಟ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಕೈ ಅರ್ಧ ಬಂತು, ಅರ್ಧ ಬರಲಿಲ್ಲ. ಇವತ್ತಿಗೂ ಆಕೆಯ ಜಡೆ ಅವನೇ ಹಾಕುತ್ತಾನೆ.

ಈಗ ನೀವೆಲ್ಲ ಮನಸ್ಸಿನಲ್ಲೇ ಸಾಹುಕಾರನಿಗೆ ಬೈಯುತ್ತಿದ್ದೀರಿ. ಸ್ವಲ್ಪ ತಡೆಯಿರಿ. ಟಿವಿ ಕಡೆ ಮುಖ ಮಾಡಿಕೊಂಡು 'ಹೂಂ' ಅನ್ನುತ್ತೀರಲ್ಲ, ಅದೇನು? ಮೊಬೈಲು ಉಜ್ಜುತ್ತ 'ಓಕೆ ಓಕೆ' ಅನ್ನುತ್ತೀರಲ್ಲ, ಅದೇನು? ಕಾಣದೇ ಕಂಡೆ ಅನ್ನುವುದು ಸುಳ್ಳು. ದಿನಾ ನಾವು ಮನೆಯಲ್ಲೇ, ನಮ್ಮವರಿಗೇ ಆ ಸುಳ್ಳು ಹೇಳುತ್ತಿದ್ದೇವೆ. ಮನೆಯವರು ನೋವು ಅಂದರೆ ಎಲ್ಲಿ, ಯಾವಾಗಿನಿಂದ ಅಂತ ಕೇಳಿ, ಆ ಜಾಗ ಮುಟ್ಟಿ ನೋಡಿ. ಅವರು ಏನಾದರೂ ತಪ್ಪಿದರೆ ಬೈಯುವ ಮೊದಲು ಯಾಕೆ ಅಂತ ಕೇಳಿ. ನಾಳೆಯಿಂದ ಅಲ್ಲ. ಈಗ ಪ್ರವಚನ ಮುಗಿಸಿ ಪ್ರಸಾದಕ್ಕೆ ಕೂಡುತ್ತೀರಿ, ನಿಮ್ಮವರು ನಿಮ್ಮ ಪಕ್ಕದಲ್ಲೇ ಇರುತ್ತಾರೆ. ಮೊದಲ ತುತ್ತು ಎತ್ತುವ ಮುಂಚೆ ಅವರ ಮುಖ ನೋಡಿ.